ಕಾರ್ಡ್ ಸಂಗ್ರಹ ಪ್ರಶ್ನೋತ್ತರ: ಮಳೆಗಾಲಕ್ಕೆ ಬಾಗಿದ್ದು, ಪ್ಯಾಕಿನಲ್ಲಿ ಕಮ್ಮಿ ಬಂದದ್ದು

ಪ್ರಶ್ನೆ (ನಾಯ್ಕ, ಕಾರವಾರ): ಸರ್, ಆಲ್ಬಂನಲ್ಲಿದ್ದ ಹೊಳೆಯುವ ಕ್ರಿಕೆಟ್ ಕಾರ್ಡೆಲ್ಲ ಜುಲೈಯಲ್ಲಿ ಬಾಗಿ ಕೂತಿವೆ. ಸಾದಾ ಕಾರ್ಡಿಗೆ ಏನೂ ಆಗಿಲ್ಲ. ದಪ್ಪ ಪುಸ್ತಕದಡಿ ಇಟ್ಟು ತೆಗೆದರೆ ಎರಡೇ ದಿನ, ಮತ್ತೆ ಹಾಗೇ. ಕಂಪನಿಗೆ ಬರೆದರೆ ಬದಲಿಸಿ ಕೊಡ್ತಾರಾ?

ಉತ್ತರ: ಕೊಡುವುದಿಲ್ಲ ನಾಯ್ಕರೇ, ಇದು ಪ್ರಿಂಟಿಂಗ್ ದೋಷ ಅಲ್ಲ, ನಮ್ಮ ಕರಾವಳಿಯ ಹವೆ. ಸಾದಾ ಕಾರ್ಡು ಎರಡೂ ಕಡೆ ಒಂದೇ ಸಮ ಹಿಗ್ಗುತ್ತದೆ. ಹೊಳೆಯುವ ಫಾಯಿಲ್ ಪದರ ಅಂಟಿಸಿದ ಕಾರ್ಡಿನಲ್ಲಿ ಹಿಂದಿನ ಕಾಗದ ಮಾತ್ರ ತೇವ ಹೀರಿ ಹಿಗ್ಗುತ್ತದೆ, ಮುಂದಿನ ಪದರ ಇದ್ದಲ್ಲೇ ಇರುತ್ತದೆ. ಅದಕ್ಕೇ ಹೊಳೆಯುವ ಮೈ ಒಳಮುಖವಾಗಿ ಬಾಗುವುದು. ಮೇಲೆ ಭಾರ ಹೇರಿದರೆ ಒಳಗಿನ ತೇವ ಹೋಗುವುದಿಲ್ಲ. ಇಸ್ತ್ರಿ ಪೆಟ್ಟಿಗೆಯ ತಂಟೆಗಂತೂ ಹೋಗಬೇಡಿ, ಫಾಯಿಲ್ ಗುಳ್ಳೆ ಎದ್ದರೆ ಮುಗಿಯಿತು.

ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ 5 ಲೀಟರಿನ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ 50 ಗ್ರಾಂ, ತೇವಾಂಶ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ತನ್ನಿ. ಕಾರ್ಡು, ಜೆಲ್, ಮೀಟರ್ ಮೂರನ್ನೂ ಡಬ್ಬಿಯೊಳಗಿಟ್ಟು ಮುಚ್ಚಿ. ಜೆಲ್ ಬಟ್ಟೆಯ ಚೀಲದಲ್ಲಿರಲಿ, ಕಾರ್ಡಿಗೆ ತಾಗಬಾರದು. ಒಳಗಿನ ತೇವಾಂಶ 45ರಿಂದ 50 ಪ್ರತಿಶತಕ್ಕೆ ಬಂದ ಕೂಡಲೇ ಜೆಲ್ ಹೊರಗೆ ತೆಗೆಯಿರಿ. ಮರೆತು ಬಿಟ್ಟರೆ ತೇವಾಂಶ 30ರ ಕೆಳಗಿಳಿದು ಕಾರ್ಡು ಉಲ್ಟಾ ಬಾಗುತ್ತದೆ. ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ. ಕೈ ಸ್ವಲ್ಪ ಬಿಚ್ಚುವುದಾದರೆ ತೇವಾಂಶವನ್ನು 49 ಪ್ರತಿಶತದಲ್ಲೇ ಹಿಡಿದಿಡುವ ಪೊಟ್ಟಣ ಸಿಗುತ್ತದೆ. ತೇವ ಹೆಚ್ಚಾದರೆ ಹೀರುತ್ತದೆ, ಕಮ್ಮಿಯಾದರೆ ಬಿಡುತ್ತದೆ. ಒಂದೆರಡು ವಾರದಲ್ಲಿ ಕಾರ್ಡು ತಾನಾಗೇ ನೆಟ್ಟಗಾಗುತ್ತದೆ. ಆಮೇಲೆ ತೆಳು ಪ್ಲಾಸ್ಟಿಕ್ ಸ್ಲೀವಿಗೆ (ಲಕೋಟೆಗೆ) ಹಾಕಿ, ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ.

ನೀಲಿ ಜೆಲ್ ಗುಲಾಬಿಯಾದರೆ, ಕಿತ್ತಳೆಯದು ಹಸಿರಾದರೆ ತೇವ ತುಂಬಿತು ಅಂತ. 110–120 ಡಿಗ್ರಿ ಓವನ್‌ನಲ್ಲಿ ಒಂದೆರಡು ತಾಸು ಇಟ್ಟರೆ ಮತ್ತೆ ತಯಾರು. ನೀಲಿಯಲ್ಲಿ ವಿಷಕಾರಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಓವನ್ ಬೇಡ, ಮಕ್ಕಳಿರುವ ಮನೆಗೆ ಕಿತ್ತಳೆಯದೇ ತನ್ನಿ.

ನಾಯ್ಕ: ಅಗ್ಗದ ಮೀಟರ್ ಸರಿ ತೋರಿಸ್ತದಾ?

ಉತ್ತರ: ನೋಡಿಯೇ ನಂಬಿ. ಬಾಟಲಿಯ ಮುಚ್ಚಳಕ್ಕೆ ಉಪ್ಪು ತುಂಬಿ, ಒದ್ದೆ ಮರಳಿನಷ್ಟಾಗುವಂತೆ ಕೆಲವೇ ಹನಿ ನೀರು ಹಾಕಿ. ಮೀಟರಿನ ಜೊತೆ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, 12 ತಾಸು ಬಿಡಿ. 75 ತೋರಿಸಬೇಕು. 70 ತೋರಿಸಿದರೆ ಪ್ರತಿ ಸಲ 5 ಕೂಡಿಸಿ ಓದಿ. ಇದಕ್ಕೆ ಪ್ಯಾಕೆಟ್ಟಿನ ಪುಡಿ ಉಪ್ಪೇ ಬೇಕು. ಸಾಣಿಕಟ್ಟಾದ ಹರಳುಪ್ಪು ಸಾರಿಗೆ ಎಷ್ಟೇ ರುಚಿಯಾಗಲಿ, ಅದರ ಮೆಗ್ನೀಷಿಯಂ ಅಂಶ ಲೆಕ್ಕ ಕೆಡಿಸುತ್ತದೆ.

ಪ್ರಶ್ನೆ (ಹೆಗಡೆ, ಶಿರಸಿ): ನಮ್ಮನೆಯಲ್ಲಿ ಒಲೆಯ ಮೇಲಿನ ಅಟ್ಟ ಮಳೆಗಾಲದಲ್ಲೂ ಒಣಗಿರ್ತದೆ. ಅಲ್ಲೇ ಇಡಲಕ್ಕಾ?

ಉತ್ತರ: ಬೇಡಿ ಹೆಗಡೇರೆ. ಅಡಿಕೆಗೆ ಒಳ್ಳೆಯದು, ಕಾರ್ಡಿಗಲ್ಲ. ಹೊಗೆಯ ಜಿಡ್ಡು ಸ್ಲೀವಿನ ಬಾಯಿಂದಲೇ ಒಳಗೆ ಇಳಿಯುತ್ತದೆ. ಮಣ್ಣಿನ ಗೋಡೆಗೆ ತಾಗಿದ ಕಪಾಟೂ ಬೇಡ, ಗೆದ್ದಲು ಬರುತ್ತದೆ. ಇನ್ನೊಂದು, ಪಿವಿಸಿ ಹಾಳೆಯ ಆಲ್ಬಂ ಇದ್ದರೆ ಬದಲಿಸಿ, ಅದು ಕಾಲಕ್ರಮೇಣ ಎಣ್ಣೆಯಂತೆ ಅಂಟು ಬಿಡುತ್ತದೆ. ಪಾಲಿಪ್ರೊಪಿಲೀನ್ ಹಾಳೆ ಕೇಳಿ. ಫೈಲಿನ ರಿಂಗು ‘ಡಿ’ ಆಕಾರದ್ದಿರಲಿ. ದುಂಡು ರಿಂಗಾದರೆ ಒಳಸಾಲಿನ ಕಾರ್ಡುಗಳ ಅಂಚಿಗೆ ಗುಳಿ ಬೀಳುತ್ತದೆ.

ಪ್ರಶ್ನೆ (ಶಾನಭಾಗ, ಕುಮಟಾ): ಮಗನಿಗೆ ತಂದ ಪ್ಯಾಕಿನಲ್ಲಿ ಬರೆದಿದ್ದಕ್ಕಿಂತ ಎರಡು ಕಾರ್ಡು ಕಮ್ಮಿ, ಒಂದರ ಮೂಲೆ ಮಡಚಿದೆ. ಅಂಗಡಿಯವರು ‘ಕಂಪನಿಗೆ ಕೇಳಿ’ ಅಂತಾರೆ. ಇಪ್ಪತ್ನಾಲ್ಕು ಪ್ಯಾಕಿಗೆ ಒಂದು ವಿಶೇಷ ಕಾರ್ಡ್ ಅಂತ ಬರೆದಿತ್ತು, ಅದೂ ಬಂದಿಲ್ಲ.

ಉತ್ತರ: ಕೊನೆಯದನ್ನು ಮೊದಲು ಬಿಡಿ. 1:24 ಎಂದರೆ ಇಡೀ ಮುದ್ರಣದ ಸರಾಸರಿ, ನೀವು ಕೊಂಡ 24ರಲ್ಲಿ ಒಂದು ಬಂದೇ ಬರುತ್ತದೆ ಎಂಬ ಮಾತಲ್ಲ. ಚಿತ್ರ ಒಂದು ಪಕ್ಕಕ್ಕೆ ಸರಿದಿದೆ ಎಂಬ ದೂರಿಗೂ ಕಂಪನಿ ಸಾಮಾನ್ಯವಾಗಿ ಕಿವಿಗೊಡುವುದಿಲ್ಲ. ಎಣಿಕೆ ಕಮ್ಮಿ, ಮಡಚಿದ ಮೂಲೆ, ಪ್ಯಾಕಿನೊಳಗೆ ಒಂದಕ್ಕೊಂದು ಅಂಟಿದ್ದು, ಇವಕ್ಕೆ ಮಾತ್ರ ಗಟ್ಟಿಯಾಗಿ ಕೇಳಿ.

ಹರಿದ ಪ್ಯಾಕ್ ಎಸೆಯಬೇಡಿ, ದೂರಿನ ಜೀವ ಅದರಲ್ಲೇ ಇದೆ. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ತಯಾರಕರು ಅಥವಾ ಆಮದುದಾರರ ವಿಳಾಸ, ಎಣಿಕೆ, ಗರಿಷ್ಠ ಬೆಲೆ, ದೂರಿಗೆ ಫೋನ್ ಮತ್ತು ಇಮೇಲ್ ಅದರ ಮೇಲೆ ಇರಲೇಬೇಕು. ಆ ಭಾಗದ್ದು, ಬ್ಯಾಚ್ ನಂಬರಿನದು, ಬಂದ ಕಾರ್ಡುಗಳನ್ನು ಸಾಲಾಗಿ ಹರಡಿದ್ದು, ಮಡಚಿದ ಕಾರ್ಡಿನ ಎರಡೂ ಮೈ, ಬಿಲ್ಲು — ಇಷ್ಟರ ಫೋಟೊ ಹಾಕಿ ಇಮೇಲ್ ಮಾಡಿ. ಎಷ್ಟು ಬರಬೇಕಿತ್ತು, ಎಷ್ಟು ಬಂತು, ನಿಮಗೆ ಏನು ಬೇಕು, ಮೂರೇ ಸಾಲು ಸಾಕು. ಅವರು ಕೇಳುವ ತನಕ ಮೂಲ ಕಾರ್ಡು ಕಳಿಸಬೇಡಿ.

ಉತ್ತರ ಬಾರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. 2019ರ ಗ್ರಾಹಕ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹಾಕಬಹುದು, ಅವಧಿ ಎರಡು ವರ್ಷ. ಕಾರವಾರದಲ್ಲಿ ಜಿಲ್ಲಾ ಆಯೋಗ ಇದೆ. ಸಣ್ಣ ಪ್ಯಾಕಿಗೆ ಅಲ್ಲಿ ತನಕ ಯಾಕೆ ಮಾರಾಯ್ರೆ, ಸಾವಿರಾರು ರೂಪಾಯಿಯ ಬಾಕ್ಸಾದರೆ ಹೋಗಿ.

ಪ್ರಶ್ನೆ (ಗಾಂವ್ಕರ್, ಅಂಕೋಲಾ): ಕಾರ್ಡು ಅಸಲಿಯಾ ಅಂತ ಮನೆಯಲ್ಲೇ ನೋಡುವುದು ಹೇಗೆ? ಅಮೆರಿಕಕ್ಕೆ ಗ್ರೇಡಿಂಗಿಗೆ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವುದಕ್ಕೆ, ಕಳಿಸುವ ಯೋಚನೆ ಇದೆ.

ಉತ್ತರ: ವಾಚ್ ರಿಪೇರಿಯವರ ಕಣ್ಣಿನ ಮಸೂರ ಸಾಕು. ಹೆಚ್ಚಿನ ಅಸಲಿ ಕಾರ್ಡಿನಲ್ಲಿ ಚಿತ್ರ ಚುಕ್ಕಿ ಚುಕ್ಕಿಯಾಗಿದ್ದರೂ ಕಪ್ಪು ಅಕ್ಷರದ ಅಂಚು ಗೀಟಿನಂತೆ ಗಟ್ಟಿ ಇರುತ್ತದೆ. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿಯಲ್ಲಿ ಅಕ್ಷರವೂ ಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ. ಆಮೇಲೆ ಅದೇ ಸರಣಿಯ ಇನ್ನೊಂದು ಕಾರ್ಡಿನ ಜೊತೆ ಅಳೆಯಿರಿ. ಸಾಮಾನ್ಯ ಅಳತೆ 63.5 × 88.9 ಮಿಲಿಮೀಟರ್. ಮಿಲಿಮೀಟರಿನಷ್ಟು ಗಿಡ್ಡ ಇದ್ದರೆ ಯಾರೋ ಸವೆದ ಅಂಚನ್ನು ಕತ್ತರಿಸಿದ್ದಾರೆ ಎಂದು ಅನುಮಾನಿಸಿ. ಕತ್ತರಿಸಿದ್ದಕ್ಕೆ ಸಾಮಾನ್ಯವಾಗಿ ಅಂಕ ಸಿಗುವುದಿಲ್ಲ.

ಅಮೆರಿಕದ ಗ್ರೇಡಿಂಗ್ ಕಂಪನಿ ಪಿಎಸ್‌ಎಯ ಗರಿಷ್ಠ 10 ಅಂಕಕ್ಕೆ ಮುಂಭಾಗದಲ್ಲಿ ಚಿತ್ರದ ಸುತ್ತಲಿನ ಖಾಲಿ ಅಂಚುಗಳು ಸುಮಾರು 55/45ರೊಳಗೆ ಇರಬೇಕು. ಅಂದರೆ ಎಡ-ಬಲದ ಅಂಚು ಸೇರಿ 6 ಮಿಲಿಮೀಟರ್ ಇದ್ದರೆ ದೊಡ್ಡದು 3.3 ದಾಟಬಾರದು. ಕಳಿಸುವಾಗ ಸ್ಲೀವ್ ಹಾಕಿ ಬಾಗುವ ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಇಡಿ, ಗಟ್ಟಿ ಟಾಪ್‌ಲೋಡರ್ ಬೇಡ. ಸೆಲ್ಲೋಟೇಪ್ ಮುಟ್ಟಿಸಬೇಡಿ. ಹೋಗುವಾಗಲೇ ಪ್ರತಿ ಕಾರ್ಡಿನ ಫೋಟೊ, ಬೆಲೆ, ‘ಗ್ರೇಡಿಂಗ್ ಮುಗಿದು ವಾಪಸ್ ಬರುವುದು’ ಎಂಬ ವಿವರ ಕಸ್ಟಮ್ಸ್ ಕಾಗದದಲ್ಲಿ ದಾಖಲಾಗಲಿ. ಇಲ್ಲದಿದ್ದರೆ ನಿಮ್ಮದೇ ಕಾರ್ಡು ಹೊಸ ಆಮದು ಎಂದಾಗಿ, ಅದಕ್ಕೂ ಸುಂಕ ಕಟ್ಟಬೇಕಾದೀತು.