ಲೋ ಬೀಮ್‌ನಲ್ಲಿದ್ದರೂ ಎದುರಿನವರು ಲೈಟ್ ಹೊಡೀತಾರೆ, ಯಾಕೆ? ಆಟೋ ಎಲೆಕ್ಟ್ರಿಷಿಯನ್ ಜೊತೆ ಪ್ರಶ್ನೋತ್ತರ

ಮಂಡ್ಯ: ನಮಸ್ಕಾರ ಸರ್. ಕಾರಿನ ಹೆಡ್‌ಲೈಟಿಗೆ 100/90 ವ್ಯಾಟ್ ಬಲ್ಬ್ ಹಾಕಿಸಬಹುದಾ?

ಎಲೆಕ್ಟ್ರಿಷಿಯನ್: ನಮಸ್ಕಾರ. ಬೇಡ. ಎಚ್4 ಬಲ್ಬ್, ಅಂದರೆ ಹೈ ಬೀಮ್, ಲೋ ಬೀಮ್ ಎರಡೂ ಒಂದರಲ್ಲೇ ಇರುವ ಹ್ಯಾಲೊಜೆನ್ ಬಲ್ಬ್, 60/55 ವ್ಯಾಟ್‌ದೇ ಇರಲಿ. ಜಾಸ್ತಿ ಆದರೆ ಹೋಲ್ಡರ್ ಕರಗುತ್ತದೆ, ವೈರ್ ಸುಡುತ್ತದೆ.

ಹಾಸನ: ಸರ್, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂರಿಸಿ ಎರಡು ತಿಂಗಳಾಯಿತು. ಆಗಿನಿಂದ ಲೋ ಬೀಮ್‌ನಲ್ಲಿದ್ದರೂ ಎದುರಿನವರು ಲೈಟ್ ಹೊಡೆಯುತ್ತಾರೆ. ನಾಡಿದ್ದು ರಾತ್ರಿ ಅಪ್ಪ ಅಮ್ಮನ ಜೊತೆ ಶಿರಾಡಿ ಘಾಟಿ ಇಳಿಯಬೇಕು.

ಎಲೆಕ್ಟ್ರಿಷಿಯನ್: ಇದನ್ನು ಸುಮ್ನೆ ಬಿಡಬೇಡಿ. ಹಿಂದೆ ಭಾರ ಬಿದ್ದು ಮೂತಿ ಎದ್ದಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.5 ಮೀಟರ್ ಅಂದುಕೊಳ್ಳಿ. ಹಿಂಭಾಗ 5 ಸೆಂ.ಮೀ. ಕುಸಿದರೆ ಸಾಕು, 10 ಮೀಟರ್ ದೂರದಲ್ಲಿ ಬೆಳಕು 20 ಸೆಂ.ಮೀ. ಮೇಲೇರುತ್ತದೆ. ಇವತ್ತೇ ನೋಡಿ. ಟೈರ್ ಗಾಳಿ ಸರಿ ಮಾಡಿ, ಸಮ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಲೈಟಿನ ಎತ್ತರ ಹೊಂದಿಸುವ ತಿರುಗಿಸುವ ಸ್ವಿಚ್ ಇದ್ದರೆ 0ಗೆ ತನ್ನಿ. ಒಬ್ಬರು ಡ್ರೈವರ್ ಸೀಟಿನಲ್ಲಿ ಕೂರಲಿ. ಬಲ್ಬಿನ ಎತ್ತರಕ್ಕೆ ಗೋಡೆಯಲ್ಲಿ ಗುರುತು ಹಾಕಿ. ಲೈಟಿನ ಮೇಲೆ 1% ಅಂತ ಅಚ್ಚಾಗಿದ್ದರೆ ಬೆಳಕಿನ ಅಂಚು ಗುರುತಿಗಿಂತ 10 ಸೆಂ.ಮೀ. ಕೆಳಗೆ ಬೀಳಬೇಕು. ಎಡಕ್ಕೆ ಅಂಚು ಮೇಲೇರುತ್ತದೆ, ಅದು ರಸ್ತೆ ಬದಿಯ ಜನ ಕಾಣಲಿ ಅಂತ. ಬಲಗಡೆಯ ಮಟ್ಟಸ ಭಾಗವನ್ನೇ ಅಳೆಯಿರಿ. ಅಳತೆ ಇಲ್ಲಿ ಹಾಕಿ.

ಕುಂದಾಪುರ: ಹಳದಿಯಾದ ಗ್ಲಾಸಿಗೆ ಟೂತ್‌ಪೇಸ್ಟ್ ಉಜ್ಜಿ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಎಲೆಕ್ಟ್ರಿಷಿಯನ್: ಬಂದದ್ದನ್ನೆಲ್ಲ ಉಜ್ಜಬೇಡಿ. ಅದು ಗ್ಲಾಸಲ್ಲ, ಪ್ಲಾಸ್ಟಿಕ್. ಬಿಸಿಲು ತಡೆಯುವ ಪದರ ಹೋದರೆ ಮತ್ತೆ ಹಳದಿಯಾಗುತ್ತದೆ. ಪಾಲಿಶ್ ಮಾಡಿಸಿ ಹೊಸ ಪದರ ಹಾಕಿಸಿ.

ಶಿರಸಿ: ಮಳೆಗಾಲದಲ್ಲಿ ಹೆಡ್‌ಲೈಟ್ ಒಳಗೆ ನೀರು ಕಟ್ಟುತ್ತಿದೆ. ಏನು ಮಾಡಲಿ?

ದಾವಣಗೆರೆ: ಎಲ್ಲರೂ ಎಲ್‌ಇಡಿ ಬಲ್ಬ್ ಹಾಕಿಸಿ. ಹ್ಯಾಲೊಜೆನ್ ತೆಗೆಸಿದ ಮೇಲೆ ನನಗೆ ರಸ್ತೆ ಹಗಲಿನ ಹಾಗೆ ಕಾಣುತ್ತದೆ.

ತುಮಕೂರು: ನಿಮಗೆ ಹಗಲು, ಬೈಕಿನಲ್ಲಿ ಬರುವ ನಮಗೆ ಕಣ್ಣು ಕತ್ತಲೆ.

ದಾವಣಗೆರೆ: ಮೊದಲು ಲಾರಿಯವರಿಗೆ ಹೇಳಿ. ಅವರು ಡಿಮ್ ಮಾಡುವುದೇ ಇಲ್ಲ.

ತುಮಕೂರು: ಅವರು ತಪ್ಪು ಮಾಡಿದರೆ ನೀವೂ ಮಾಡಬೇಕಾ? ಹೋದ ವಾರ ನಿಮ್ಮಂಥವರ ಬೆಳಕಿಗೆ ಗುಂಡಿ ಕಾಣದೆ ಬಿದ್ದೆ.

ದಾವಣಗೆರೆ: ನಿಧಾನ ಬರಬೇಕಿತ್ತು.

ಎಲೆಕ್ಟ್ರಿಷಿಯನ್: ಬಿದ್ದವರಿಗೆ ಹೀಗೆ ಹೇಳಬೇಡಿ. ಹ್ಯಾಲೊಜೆನ್ ಲೈಟಿನ ರಿಫ್ಲೆಕ್ಟರ್ ಆ ಬಲ್ಬಿನೊಳಗೆ ಉರಿಯುವ ತಂತಿ ಇರುವ ಜಾಗಕ್ಕೇ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿಯ ಬೆಳಕು ಆ ಜಾಗದಿಂದ ಬರದಿದ್ದರೆ ಎಲ್ಲ ಕಡೆ ಚೆಲ್ಲುತ್ತದೆ. ತೆಗೆಸಿ. ತುಮಕೂರಿನವರೇ, ಕಣ್ಣು ಕುಕ್ಕಿದಾಗ ವೇಗ ಇಳಿಸಿ, ಎಡಗಡೆಯ ಬಿಳಿ ಗೆರೆ ನೋಡಿ. ಸಿಟ್ಟಿಗೆ ನೀವೂ ಹೈ ಬೀಮ್ ಹಾಕಬೇಡಿ.

ಕೋಲಾರ: 100/90 ಹಾಕಿದರೆ ಏನಾಗುತ್ತೆ?

ಎಲೆಕ್ಟ್ರಿಷಿಯನ್: ಮೇಲೆ ಓದಿ.

ದಾವಣಗೆರೆ: ದುಡ್ಡು ಕೊಟ್ಟು ಹಾಕಿಸಿದ್ದೇನೆ, ತೆಗೆಯಲ್ಲ.

ಎಲೆಕ್ಟ್ರಿಷಿಯನ್: ನಿಮಗೆ ಇನ್ನು ಉತ್ತರ ಕೊಡುವುದಿಲ್ಲ. ಹಾಸನದವರೇ, ಅಳೆದಿರಾ?

ಹಾಸನ: ಅಳೆದೆ ಸರ್. 1% ಅಂತಲೇ ಇದೆ. ಆದರೆ ಅಂಚು ಗುರುತಿಗಿಂತ 9 ಸೆಂ.ಮೀ. ಮೇಲಿದೆ.

ಎಲೆಕ್ಟ್ರಿಷಿಯನ್: ಅಂದರೆ 19 ಸೆಂ.ಮೀ. ತಪ್ಪು. ನಾಳೆ ಮೊದಲು ಹಿಂದಿನ ಸ್ಪ್ರಿಂಗ್ ತೋರಿಸಿ, ಆಮೇಲೆ ಲೈಟಿನ ಸ್ಕ್ರೂ ತಿರುಗಿಸಲಿ. ಹಿಂದೆ ಇಬ್ಬರು ಕೂತರೆ ಇನ್ನೂ ಏಳುತ್ತದೆ. ಘಾಟಿಯನ್ನು ಹಗಲಿನಲ್ಲೇ ಇಳಿಯಿರಿ.