ಪದಚರ್ಚೆ: ‘ಸ್ಕ್ವಾಡ್ರನ್’ಗೆ ಕನ್ನಡವೇನು? (ತುರ್ತು)

ಗುಬ್ಬಿಯಿಂದ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 8ರ ವಾಯುಪಡೆ ದಿನಕ್ಕೆ ನಮ್ಮ ವಾಚನಾಲಯದಲ್ಲಿ ಆರು ಫಲಕಗಳನ್ನು ತೂಗುಹಾಕುತ್ತಿದ್ದೇವೆ. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಹುಡುಗರಿಗೆ ಈ ವಿಷಯದ ಹುಚ್ಚು ಹತ್ತಿದೆ. ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ.

ಮೊದಲ ಫಲಕದಲ್ಲೇ ಎಡವಿದ್ದೇನೆ. 1932ರಲ್ಲಿ ಸ್ಥಾಪನೆಯಾದ ವಾಯುಪಡೆಗೆ ವಿಮಾನ ಸಿಕ್ಕಿದ್ದು 1933ರ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡಿನಲ್ಲಿ. ನಂ. 1 ಸ್ಕ್ವಾಡ್ರನ್ನಿನ ‘ಎ’ ಫ್ಲೈಟ್ (ಸ್ಕ್ವಾಡ್ರನ್ನಿನೊಳಗಿನ ಒಂದು ಭಾಗ), ನಾಲ್ಕು ವಾಪಿಟಿ ವಿಮಾನಗಳು. ಇದನ್ನು ಮೊಬೈಲಿಗೆ ಕೊಟ್ಟರೆ ‘ಎ ಹಾರಾಟದಲ್ಲಿ ನಾಲ್ಕು ವಿಮಾನಗಳಿದ್ದವು’ ಎಂದು ಬಂತು! ಮುಂದಿನ ಫಲಕದಲ್ಲಿ ಕಿರಣ್ ಎಂಬ ತರಬೇತಿ ವಿಮಾನವನ್ನು ‘ತರಬೇತುದಾರ ಕಿರಣ್’ ಮಾಡಿದೆ. ಅದನ್ನು ನಾನೇ ತಿದ್ದಿಕೊಂಡೆ. ಸ್ಕ್ವಾಡ್ರನ್ನಿಗೆ ಮಾತ್ರ ದಾರಿ ಕಾಣುತ್ತಿಲ್ಲ. ದಳವೇ, ತುಕಡಿಯೇ, ಪಡೆಯೇ? ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ.

ಚಿಂತಾಮಣಿಯಿಂದ:

‘ಪಡೆ’ ಬಳಸಿದರೆ ‘ವಾಯುಪಡೆಯ ಒಂದನೆಯ ಪಡೆ’ ಆಗುತ್ತದೆ, ಬೇಡ. ‘ತುಕಡಿ’ ಮರಾಠಿಯದು, ಬಂದೋಬಸ್ತಿಗೆ ಬಂದ ಪೊಲೀಸ್ ವ್ಯಾನು ನೆನಪಾಗುತ್ತದೆ. ‘ದಳ’ ಸಂಸ್ಕೃತದ್ದು. ಅಷ್ಟಕ್ಕೂ ‘ವಾಯುಪಡೆ’ಯೇ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು, ಅದರ ಮೇಲೆ ಇನ್ನೇನು ಕಟ್ಟುತ್ತೀರಿ? ಬೇರಿನಿಂದಲೇ ಸರಿಮಾಡಿ. ಏರ್‌ಫೋರ್ಸ್ ‘ಬಾನ್ಪಡೆ’, ಸ್ಕ್ವಾಡ್ರನ್ ‘ಬಾನ್ದಂಡು’. ಕನ್ನಡದಲ್ಲಿ ಪದವಿಲ್ಲ ಎನ್ನುವವರು ಹುಡುಕಿರುವುದಿಲ್ಲ.

ತುಮಕೂರಿನಿಂದ:

ದಂಡು ಸಂಸ್ಕೃತ ‘ದಂಡ’ದ ತದ್ಭವ. ಬಾಡಿಗೆದಾರನನ್ನು ಓಡಿಸಲು ಹೋದವರು ಅವನ ತಮ್ಮನಿಗೇ ಕೀಲಿಕೈ ಕೊಟ್ಟಿದ್ದೀರಿ.

ದಳವೇ ಸರಿ. ಮೈಸೂರಿನ ‘ದಳವಾಯಿ’ಯಲ್ಲಿ ಆ ಪದ ನೂರಾರು ವರ್ಷ ಉಸಿರಾಡಿದೆ. ಅದೇ ಜಾಡಿನಲ್ಲಿ ಸ್ಕ್ವಾಡ್ರನ್ ಲೀಡರ್ ಎನ್ನುವುದಕ್ಕೆ ‘ದಳವಾಯಿ’ ಎಂದೇ ಬರೆಯಿರಿ. ಸತ್ತ ಪದಕ್ಕೆ ಜೀವ ಬರುತ್ತದೆ.

ಮಾಲೂರಿನಿಂದ:

ನಾನು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವನು. ವ್ಯಾಕರಣ ನಿಮಗೇ ಇರಲಿ, ಒಂದು ಮಾತು ಕೇಳಿ. ಸ್ಕ್ವಾಡ್ರನ್ ಎಂದರೆ ಬರೀ ಗುಂಪಲ್ಲ, ಲೆಕ್ಕವಿರುವ ಘಟಕ. ಯುದ್ಧವಿಮಾನದ್ದಾದರೆ ಸಾಮಾನ್ಯವಾಗಿ 16ರಿಂದ 18 ವಿಮಾನಗಳಿರುತ್ತವೆ. ಮಂಜೂರಾತಿ 42 ಸ್ಕ್ವಾಡ್ರನ್‌ಗಳಿಗೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ 29ಕ್ಕೆ ಇಳಿಯಿತು ಎಂದು ಪತ್ರಿಕೆಗಳೆಲ್ಲ ಬರೆದವು. ಅಲ್ಲಿ ‘29 ದಳ’ ಎಂದು ಹಾಕಿ ನೋಡಿ. ಶ್ವಾನದಳ, ಅಗ್ನಿಶಾಮಕ ದಳ, ಚುನಾವಣೆಗೆ ನಿಲ್ಲುವ ದಳ, ಎಲ್ಲ ಸಾಲಾಗಿ ಕಣ್ಣ ಮುಂದೆ ಬರುತ್ತವೆ.

ಇನ್ನು ದಳವಾಯಿ. ಸ್ಕ್ವಾಡ್ರನ್ ಲೀಡರ್ ಎಂಬುದು ಹುದ್ದೆಯ ಶ್ರೇಣಿ, ಭೂಸೇನೆಯ ಮೇಜರ್‌ಗೆ ಸಮ. ಹೆಸರು ಹಾಗಿದ್ದರೂ ಸ್ಕ್ವಾಡ್ರನ್ನನ್ನು ನಡೆಸುವುದು ಅವರಲ್ಲ, ವಿಂಗ್ ಕಮಾಂಡರ್ ಅಥವಾ ಗ್ರೂಪ್ ಕ್ಯಾಪ್ಟನ್. ಕೊಡಗಿನ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋಗಿ, ಅದಕ್ಕಿಂತ ಎಷ್ಟೋ ವೇಗದ ಅವರ ಸ್ಟಾರ್‌ಫೈಟರ್ ವಿಮಾನದ ಜೊತೆ ಸೆಣಸಿ ಪ್ರಾಣಕೊಟ್ಟರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಅವರು ಸ್ಕ್ವಾಡ್ರನ್ ಲೀಡರ್. ಹಾರಿದ್ದು ಗುಬ್ಬಿಯವರ ಫಲಕದಲ್ಲಿರುವ ಅದೇ ನಂ. 1 ಸ್ಕ್ವಾಡ್ರನ್ನಿನಿಂದ, ಅದರ ಮುಖ್ಯಸ್ಥರು ಒಬ್ಬ ವಿಂಗ್ ಕಮಾಂಡರ್. ದಳವಾಯಿಯೋ ಇಡೀ ರಾಜ್ಯದ ಸೇನೆಗೆ ಒಡೆಯ. ತುಮಕೂರಿನವರು ಒಂದೇ ಪದದಲ್ಲಿ ಎಷ್ಟು ಬಡ್ತಿ ಕೊಟ್ಟರೋ ಲೆಕ್ಕ ಹಾಕಲಿ.

ಚಿಂತಾಮಣಿಯಿಂದ:

ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ನುಡಿ ಗೊತ್ತಿರಬೇಕಿಲ್ಲ. ‘ವಾಯು’ ಎಂದರೆ ಹಳ್ಳಿಯಲ್ಲಿ ಹೊಟ್ಟೆ ಉಬ್ಬರ. ಆ ಪದವನ್ನಾದರೂ ಬಿಡಿ.

ಶಿರಾದಿಂದ:

ಬಿಟ್ಟು ‘ಗಾಳಿಪಡೆ’ ಎಂದರೆ ಅದೇ ಹಳ್ಳಿಯಲ್ಲಿ ಮಂತ್ರವಾದಿಯನ್ನು ಕರೆಸುತ್ತಾರೆ.

ಮೊಗಲರ ಸುಬಾ ಆಗಿದ್ದ ಊರಿನವನು ನಾನು, ಎರವಲು ಎಂದರೆ ನನಗೆ ಮೈಲಿಗೆಯಲ್ಲ. ಸಿಪಾಯಿ, ಬಂದೂಕು, ಕವಾಯತು, ಫಿರಂಗಿ ಇವುಗಳಲ್ಲಿ ಯಾವುದು ನಮ್ಮ ಅಜ್ಜಿಯ ತವರಿನದು? ‘ಏನು ಪಟಾಲಂ ಕಟ್ಟಿಕೊಂಡು ಬಂದಿದ್ದೀಯ’ ಎಂದು ಬೈಯುತ್ತೇವಲ್ಲ, ಆ ಪಟಾಲಂ ‘ಬೆಟಾಲಿಯನ್’ ಸವೆದು ಆದದ್ದು. ಯಾವ ಸಮಿತಿಯೂ ಸವೆಸಲಿಲ್ಲ, ನಾಲಿಗೆಗಳು ಸವೆಸಿದವು.

ವಾಯುಪಡೆಯೂ ಇದೇ ಮಾಡಿದೆ. 1953ರಲ್ಲಿ ಫ್ರಾನ್ಸಿನಿಂದ ‘ಊರಗಾನ್’ ಬಂತು. ಬಿರುಗಾಳಿ ಎಂದರ್ಥ. ನಮ್ಮವರು ‘ತೂಫಾನಿ’ ಎಂದು ಕರೆದರು. ತೂಫಾನು ಅರಬ್ಬಿ. ಊರಗಾನ್ ಆದರೂ ಫ್ರೆಂಚರ ಸ್ವಂತದ್ದೇ? ಕೆರಿಬಿಯನ್ ದ್ವೀಪದವರ ಮಾತು ಸ್ಪ್ಯಾನಿಶ್ ದೋಣಿ ಹತ್ತಿ ಬಂದದ್ದು. ಬೆಂಗಳೂರಿನಲ್ಲಿ ತಯಾರಾಗಿ 1961ರಲ್ಲಿ ಮೊದಲ ಸಲ ಹಾರಿದ ವಿಮಾನಕ್ಕೆ ‘ಮರುತ್’ ಎಂದರು. ವೇದದ ಹೆಸರು, ವಿನ್ಯಾಸ ಮಾಡಿದ್ದು ಜರ್ಮನಿಯ ಕುರ್ಟ್ ಟ್ಯಾಂಕ್. ಯಾರೂ ಶುದ್ಧಿಗೆ ಗೋಮೂತ್ರ ಚಿಮುಕಿಸಲಿಲ್ಲ. ಸ್ಕ್ವಾಡ್ರನ್ ಎಂದೇ ಇರಲಿ.

ತುಮಕೂರಿನಿಂದ:

ಹಾಗಾದರೆ ನಾಳೆ ‘ವಿಮಾನ’ವನ್ನೂ ಬಿಟ್ಟು ‘ಏರೋಪ್ಲೇನ್’ ಎನ್ನಿ. ನಂದಿಯ ಭೋಗನಂದೀಶ್ವರನ ಗರ್ಭಗುಡಿಯ ಮೇಲಿರುವುದೂ ವಿಮಾನ, ಆಕಾಶದಲ್ಲಿ ಹೋಗುವುದೂ ವಿಮಾನ. ಇದ್ದ ಪದವನ್ನು ಹೊಸ ಕೆಲಸಕ್ಕೆ ಹಚ್ಚುವುದು ನಮಗೆ ಗೊತ್ತಿತ್ತು. ಎರವಲು ತಪ್ಪಲ್ಲ, ಸೋಮಾರಿತನ ತಪ್ಪು.

ಗುಬ್ಬಿಯಿಂದ:

ಉತ್ತರಿಸಿದ ಎಲ್ಲರಿಗೂ ವಂದನೆ. ಬೋರ್ಡಿನವರು ಬಂದಾಯಿತು. ಮಾಲೂರು, ಶಿರಾದವರ ಮಾತಿನಂತೆ ‘ಸ್ಕ್ವಾಡ್ರನ್’ ಬರೆಸಿದೆ. ಬೋರ್ಡಿನವರಿಗೂ ತಮ್ಮದೇ ಕಷ್ಟ: ‘ಸ್ಕ್ವಾ’ದ ಕೆಳಗೆ ಎರಡು ಒತ್ತು ಜೋತುಬಿದ್ದು ವಕಾರದ ಬಾಲ ಕೆಳಗಿನ ಸಾಲಿನ ‘ವಾಪಿಟಿ’ಯ ತಲೆಗೆ ಬಡಿಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಲುಗಳ ನಡುವೆ ಎರಡು ಬೆರಳು ಜಾಗ ಬಿಟ್ಟು ಮತ್ತೆ ಬರೆದರು. ‘ದಳ ಎಂದಿದ್ದರೆ ಎರಡೇ ಅಕ್ಷರ ಸಾರ್’ ಎಂದು ಗೊಣಗಿದರು. ತುಮಕೂರಿನವರಿಗೆ ಒಂದು ವೋಟು ಸಿಕ್ಕಿತು. ದೇವಯ್ಯನವರ ಹೆಸರಿನ ಹಿಂದೆಯೂ ‘ಸ್ಕ್ವಾಡ್ರನ್ ಲೀಡರ್’ ಎಂದೇ ಇದೆ.

‘ಎ’ ಫ್ಲೈಟ್ ಎಂಬುದನ್ನು ‘ಎ’ ಉಪಘಟಕ ಎಂದು ಹಾಕಿಸುತ್ತಿದ್ದೇನೆ. ತಕರಾರಿದ್ದವರು ಸಂಜೆ ಆರರೊಳಗೆ ಬರೆಯಿರಿ, ಆಮೇಲೆ ಬಣ್ಣ ಒಣಗುತ್ತದೆ.

ಚಿಂತಾಮಣಿಯಿಂದ:

‘ತಕರಾರು’ ಅರಬ್ಬಿ.