ಕೊನೆಗೆ ಎಡಕ್ಕೆ ಎಳೆಯದೆ ನೇರವಾಗಿ ಹೋಗುವ ಡಿಸ್ಕ್ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಷಾರ್ಲೆಟ್ ನಗರದಲ್ಲಿದ್ದು, ಒಂದು ವರ್ಷದಿಂದ ಬಿಡುವಿದ್ದಾಗಲೆಲ್ಲ ಹಾರ್ನೆಟ್ಸ್ ನೆಸ್ಟ್ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ದೂರದ ಬುಟ್ಟಿಗೆ ಎಸೆಯುವ ಆಟ) ಆಡುತ್ತಿದ್ದೇನೆ. ಅಲ್ಲಿ ಎರಡೂ ಕಡೆ ಮರಗಳಿರುವ ಕಿರಿದಾದ ದಾರಿಗಳೇ ಹೆಚ್ಚು. ನಾನು ಬಲಗೈ ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಗೆ ಅಡ್ಡವಾಗಿ ಎಳೆದುಕೊಂಡು ಹೊರಕ್ಕೆ ಬೀಸಿ) ಎಸೆಯುವವನು. ಹೆಚ್ಚೆಂದರೆ 220 ಅಡಿ ದೂರ ಎಸೆಯುತ್ತೇನೆ. ಹೆಚ್ಚು ದೂರ ಹೋಗುತ್ತದೆಂದು ಅಂಗಡಿಯವರು ಹೇಳಿದ್ದನ್ನು ನಂಬಿ ಇನ್ನೋವಾ ಕಂಪನಿಯ ಡೆಸ್ಟ್ರಾಯರ್ ಎಂಬ ಡಿಸ್ಕ್ ಕೊಂಡೆ. ಅದು ಕೈಬಿಟ್ಟ ಸ್ವಲ್ಪ ಹೊತ್ತಿಗೇ ಎಡಕ್ಕೆ ಹೊರಳಿ ಪೊದೆಗೆ ನುಗ್ಗುತ್ತದೆ. ಫೇಡ್, ಅಂದರೆ ಕೊನೆಯಲ್ಲಿ ಎಡಕ್ಕೆ ಎಳೆಯುವ ಗುಣ, ತೀರಾ ಕಡಿಮೆಯಿರುವ ಡಿಸ್ಕ್ ಯಾವುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಡಿಸ್ಕಿನ ಮೇಲಿರುವ ನಾಲ್ಕು ಅಂಕಿಗಳು ಕ್ರಮವಾಗಿ ಸ್ಪೀಡ್, ಗ್ಲೈಡ್ (ಗಾಳಿಯಲ್ಲಿ ತೇಲುವ ಗುಣ), ಟರ್ನ್ (ವೇಗವಿರುವಾಗ ಬಲಕ್ಕೆ ಸರಿಯುವ ಗುಣ; ಅಂಕಿ ಸೊನ್ನೆಗಿಂತ ಕೆಳಗಿಳಿದಷ್ಟೂ ಹೆಚ್ಚು) ಮತ್ತು ಫೇಡ್. ಡೆಸ್ಟ್ರಾಯರಿನವು 12, 5, -1, 3. ಇಲ್ಲಿ 12 ಎಂಬುದು ಡಿಸ್ಕ್ ತಾನಾಗಿ ಕೊಡುವ ವೇಗವಲ್ಲ, ಅದು ನಿಮ್ಮ ತೋಳಿನಿಂದ ಕೇಳುವ ವೇಗ. ಅಷ್ಟು ಸಿಗದಿದ್ದರೆ ಟರ್ನ್ ಕಾಣಿಸಿಕೊಳ್ಳುವುದೇ ಇಲ್ಲ, ಎಸೆತದುದ್ದಕ್ಕೂ ಫೇಡ್ ಮಾತ್ರ ಉಳಿಯುತ್ತದೆ. ವೇಗ ಇಳಿದಂತೆ ಗಾಳಿಯ ಒತ್ತು ಡಿಸ್ಕಿನ ಮುಂಭಾಗಕ್ಕೆ ಸರಿದು ಅದರ ಮುಂದಿನ ಅಂಚನ್ನು ಮೇಲೆತ್ತಲು ನೋಡುತ್ತದೆ. ಆದರೆ ತಿರುಗುತ್ತಿರುವ ಬುಗುರಿಯನ್ನು ಮುಂದಕ್ಕೆ ದೂಡಿದರೆ ಅದು ಪಕ್ಕಕ್ಕೆ ವಾಲುವ ಹಾಗೆ, ಪ್ರದಕ್ಷಿಣೆಯಾಗಿ ಸುತ್ತುತ್ತಿರುವ ಡಿಸ್ಕ್ ಎಡಕ್ಕೆ ವಾಲುತ್ತದೆ. ಫೇಡ್ ಎಂದರೆ ಇಷ್ಟೇ.

ಆದ್ದರಿಂದ ತಾವು ಡೆಸ್ಟ್ರಾಯರಿನಂಥ ಡ್ರೈವರ್‌ಗಳ (ದೂರ ಎಸೆಯುವ ಡಿಸ್ಕುಗಳ) ಗೊಡವೆಯನ್ನು ಸದ್ಯಕ್ಕೆ ಬಿಟ್ಟು ಮಿಡ್‌ರೇಂಜಿಗೆ (ಮಧ್ಯಮ ದೂರದ ಡಿಸ್ಕುಗಳಿಗೆ) ಇಳಿಯುವುದು ಒಳ್ಳೆಯದು. ಇನ್ನೋವಾದ ಮಾಕೋ3 ಡಿಸ್ಕಿನ ಅಂಕಿಗಳು 5, 5, 0, 0. ಯಾವ ಕೋನದಲ್ಲಿ ಬಿಟ್ಟಿರೋ ಹೆಚ್ಚುಕಡಿಮೆ ಅದೇ ಕೋನದಲ್ಲಿ ಹೋಗಿ ಬೀಳುತ್ತದೆ. ಡಿಸ್ಕ್ರಾಫ್ಟ್ ಕಂಪನಿಯ ಬಝ್ 5, 4, -1, 1. ಕೊನೆಗೆ ಒಂದಿಷ್ಟು ಎಡಕ್ಕೆ ಬಂದರೂ ಎದುರುಗಾಳಿಯನ್ನು ಮಾಕೋಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಮೊದಲು ಬಝ್.

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಸೊನ್ನೆ ಫೇಡ್ ಎಂಬ ಅಂಕಿಗೆ ಮರುಳಾಗಬೇಡಿ. ಮುಂದಿನ ಅಂಚು ಮೇಲೆದ್ದಿರುವಂತೆ ಎಸೆದರೆ ಮಾಕೋ ಕೂಡ ಬೇಗ ವೇಗ ಕಳೆದುಕೊಂಡು ಎಡಕ್ಕೆ ಬೀಳುತ್ತದೆ. ಯಾರಿಂದಲಾದರೂ ವೀಡಿಯೊ ತೆಗೆಸಿ, ಕೈಬಿಡುವ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಡಿಸ್ಕಿನ ಅಡಿಭಾಗ ಎದುರಿನವರಿಗೆ ಕಾಣುವಂತಿದ್ದರೆ ತಪ್ಪು ಅಲ್ಲೇ ಇದೆ.

ಡ್ರೈವರ್ ಬೇಕೇಬೇಕು ಎನ್ನುವುದಾದರೆ ಇನ್ನೋವಾದ ಲೆಪರ್ಡ್3 ತೆಗೆದುಕೊಳ್ಳಿ; 7, 5, -2, 1. ಮೊದಲು ಬಲಕ್ಕೆ ತುಸು ಸರಿದು ಕೊನೆಗೆ ಎಡಕ್ಕೆ ಮರಳುವುದರಿಂದ, ಬೀಳುವ ಜಾಗ ಸುಮಾರಾಗಿ ನೇರವೇ ಇರುತ್ತದೆ. ಇನ್ನೋವಾದ ಡಿಎಕ್ಸ್ ಎಂಬ ಪ್ಲಾಸ್ಟಿಕ್ ಅಗ್ಗ, ಮರಕ್ಕೆ ಬಡಿದು ಬೇಗ ಸವೆಯುತ್ತದೆ, ಸವೆದಷ್ಟೂ ಫೇಡ್ ಇಳಿಯುತ್ತದೆ. ನನ್ನ ಹಳೆಯ ಡಿಎಕ್ಸ್ ಟೀಬರ್ಡ್ (ಇದೂ ಇನ್ನೋವಾದ ಡ್ರೈವರ್) ಹೊಸದರಲ್ಲಿ ಹಟಮಾರಿಯಂತೆ ಎಡಕ್ಕೆ ಎಳೆಯುತ್ತಿತ್ತು. ಅಂಚಿನಲ್ಲಿ ಹಲ್ಲು ಕಚ್ಚಿದಂಥ ಗುರುತುಗಳು ಬಿದ್ದ ಮೇಲೆ ನೇರವಾಗಿ ಹೋಗತೊಡಗಿತು. ಅದನ್ನು ಈಗ ಯಾರು ಕೇಳಿದರೂ ಕೊಡುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಶನಿವಾರ ಗೆಳೆಯರ ಬಝ್ ಎರವಲು ಪಡೆದು ಎಸೆದೆ. ಮೊದಲ ಐದು ಎಸೆತಗಳೂ ಎಡಕ್ಕೇ ಹೋದವು. ವೀಡಿಯೊದಲ್ಲಿ ಡಿಸ್ಕಿನ ಅಡಿಭಾಗದ ಹೆಸರು ಬರೆದ ಶಾಯಿಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಬೀಗದ ಕೈ ತಿರುಗಿಸುವಂತೆ ಮಣಿಕಟ್ಟನ್ನು ತುಸು ಹೊರಳಿಸಿ ಎಸೆಯಿರಿ ಎಂದು ಗೆಳೆಯರು ಹೇಳಿಕೊಟ್ಟರು. ಆರನೆಯದು ಮರಗಳ ನಡುವೆ ಸುಮಾರು 200 ಅಡಿ ನೇರವಾಗಿ ಹೋಗಿ, ಕೊನೆಯಲ್ಲಿ ಗೇಣಷ್ಟು ಮಾತ್ರ ಎಡಕ್ಕೆ ಸರಿದು ಕುಳಿತಿತು. ಡೆಸ್ಟ್ರಾಯರ್ ಸದ್ಯ ಕಾರಿನ ಡಿಕ್ಕಿಯಲ್ಲಿದೆ.

ಉತ್ತರ 1

ಅಲ್ಲೇ ಇರಲಿ. ಮುಂದೆ 350 ಅಡಿ ಎಸೆಯುವ ಕಾಲಕ್ಕೆ, ಬೇಕೆಂದೇ ಎಡಕ್ಕೆ ತಿರುಗಿಸಬೇಕಾದ ದಾರಿಗಳಲ್ಲಿ ಅದು ಬೇಕಾಗುತ್ತದೆ.